ಹೆರೋದ ರಾಜನ ಹೆಗಲ ಮೇಲೆ ಕುರಿಮರಿ

1964ರ ಕ್ರಿಸ್ಮಸ್. ಆಗ ನನಗೆ ಇಪ್ಪತ್ತೆರಡು ವರ್ಷ. ಲೊಕ್ಕನಹಳ್ಳಿ ಹತ್ತಿರದ ನಮ್ಮೂರಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಆದರೂ ಹಬ್ಬದ ನಾಟಕಕ್ಕೆ ಊರಿಗೆ ಊರೇ ಬಂದು ಕೂರುತ್ತಿತ್ತು. ಅದಕ್ಕೆ ಕಾರಣ ನಾನೇ ಎಂದು ಗಟ್ಟಿಯಾಗಿ ನಂಬಿದ್ದೆ! ‘ನಾಟಕದ ಸಾಮ್ಯೇಲ’ ಎಂದು ಯಾರಾದರೂ ಕರೆದರೆ ಆ ದಿನ ನನಗೆ ಊಟವೂ ಬೇಕಿರಲಿಲ್ಲ. ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ನಾನು ಕಣ್ಣು ಮುಚ್ಚಿ ಪಾರ್ಟಿನ ಮಾತು ಉರು ಹೊಡೆಯುತ್ತಿದ್ದೆ.

ಆ ವರ್ಷ ನನ್ನದು ಶಿಶು ಯೇಸುವನ್ನು ಕೊಲ್ಲಲು ಹೊರಡುವ ಹೆರೋದ ರಾಜನ ಪಾರ್ಟು. ಕೊಳ್ಳೇಗಾಲದಿಂದ ಜರಿಯ ನಿಲುವಂಗಿ, ಕಿರೀಟ, ಕತ್ತಿ ಬಾಡಿಗೆಗೆ ತಂದಿದ್ದೆ. ಅಲ್ಲಿಯ ನಾಟಕದ ಮೇಷ್ಟ್ರೊಬ್ಬರು ನನ್ನನ್ನು ನೋಡಲೆಂದೇ ಬಂದಿದ್ದರು. ಮೆಚ್ಚಿದರೆ ತಮ್ಮ ತಂಡಕ್ಕೆ ಸೇರಿಸಿಕೊಳ್ಳುವುದಾಗಿ ಹೇಳಿದ್ದರು. ನನ್ನ ಬದುಕೆಲ್ಲ ಆ ಒಂದು ಸಂಜೆಯ ಮೇಲೆ ನಿಂತಂತಿತ್ತು.

ಯೇಸು ಹುಟ್ಟಿದ ಗೋದಲಿಯ ದೃಶ್ಯಕ್ಕೆಂದು ರೂತಮ್ಮಜ್ಜಿ ತಮ್ಮ ಕುರಿಮರಿಯನ್ನು ಕೊಟ್ಟಿದ್ದರು. ಒಂಟಿ ಹೆಂಗಸು, ಆ ಮರಿಯನ್ನು ಮಗುವಿನಂತೆ ಸಾಕಿದ್ದರು. ನಾವು ಅದನ್ನು ಚಪ್ಪರದ ಕಂಬಕ್ಕೆ ಕಟ್ಟಿದ್ದೆವು.

ಹೊತ್ತು ಮುಳುಗುತ್ತಿತ್ತು. ನಾನು ರಂಗಕ್ಕೆ ಬಂದು “ಎಲೈ ಮಂತ್ರಿ!” ಎಂದು ಗುಡುಗಿದೆ. ಚಪ್ಪಾಳೆಯೋ ಚಪ್ಪಾಳೆ! ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅಷ್ಟರಲ್ಲಿ ಹೊರಗೆ ಯಾರೋ ಪಟಾಕಿ ಹಚ್ಚಿದರು. ಬೆದರಿದ ಮರಿ ಹಗ್ಗ ಕಿತ್ತುಕೊಂಡು ಜನರ ನಡುವೆ ನುಗ್ಗಿ ಕಾಡಿನ ಕಡೆ ಓಡಿತು. ಜನ ಬಿದ್ದು ಬಿದ್ದು ನಕ್ಕರು. ಅಜ್ಜಿ ಮಾತ್ರ ಎದೆ ಬಡಿದುಕೊಂಡರು. “ಅಯ್ಯೋ ನನ್ ಮರಿ! ಕಾಡ್ ಕಡೀಕ್ ಓಯ್ತಲ್ರೋ, ಚಿರತೆ ಬುಟ್ಟದಾ?”

ಮೇಷ್ಟ್ರ ಮುಖ ನೋಡಿದೆ. ಅಜ್ಜಿಯ ಮುಖ ನೋಡಿದೆ. ರಂಗದಿಂದ ಧುಮುಕಿಯೇಬಿಟ್ಟೆ.

ಕಿರೀಟ ಎಲ್ಲೋ ಬಿತ್ತು. ನಿಲುವಂಗಿ ಮುಳ್ಳಿಗೆ ಸಿಕ್ಕಿ ಪರ್ರೆಂದಿತು. ಕೊನೆಗೆ ಪೊದೆಯೊಂದರಲ್ಲಿ ಸಿಕ್ಕಿಕೊಂಡು ಅರಚುತ್ತಿದ್ದ ಮರಿಯನ್ನು ಬಿಡಿಸಿ ಹೆಗಲಿಗೆ ಹಾಕಿಕೊಂಡೆ. ಅದು ಬಿಸಿಬಿಸಿಯಾಗಿ ನನ್ನ ಬೆನ್ನು ತೋಯಿಸಿತು! ನಗು ಬಂತು. ಹಿಂದೆಯೇ ಮೈ ಜುಮ್ಮೆಂದಿತು. ಈ ಮರಿ ಏನು ಸಾಧಿಸಿದೆ ಅಂತ ನಾನು ಹುಡುಕಿಕೊಂಡು ಬಂದೆ? ನನ್ನ ನಾಟಕ ಕೆಡಿಸಿದ್ದೇ ಅದು! ಅಜ್ಜಿಯ ಮುದ್ದಿನ ಮರಿ ಅನ್ನೋದಕ್ಕೇ ತಾನೇ ಬಂದದ್ದು? ಹಾಗಿದ್ದರೆ ತಪ್ಪಿಸಿಕೊಂಡ ಕುರಿಯನ್ನು ಹೊತ್ತು ತರುವ ಕುರುಬನಂತೆ ಯೇಸುಸ್ವಾಮಿ ನನ್ನನ್ನು ಹೊತ್ತಿರುವುದೂ ನನ್ನ ಪಾರ್ಟು ನೋಡಿ ಅಲ್ಲ, ನಾನು ಅವನವನು ಅಂತಲೇ! ಕತ್ತಲಾಗುತ್ತಿದ್ದ ಆ ದಾರಿಯಲ್ಲಿ “ಸ್ವಾಮೀ, ಸ್ವಾಮೀ” ಎಂದು ಕೂಗುತ್ತಾ ಹುಚ್ಚನಂತೆ ಓಡಿದೆ.

ಚಪ್ಪರಕ್ಕೆ ಬಂದಾಗ ಮೇಷ್ಟ್ರ ಕುರ್ಚಿ ಖಾಲಿ. “ಕುರಿ ಇಂದೆ ಓಡೋನ್ನ ಕಟ್ಕಂಡು ನಾನೇನ್ ನಾಟ್ಕ ಆಡ್ಸ್ಲಿ?” ಎಂದು ಬಸ್ಸಿಗೆ ಹೋದರಂತೆ. ನನಗೆ ಅಳು ಬರಬೇಕಿತ್ತು, ಬರಲೇ ಇಲ್ಲ. ನಾಟಕ ನಿಂತು ಜನ ಹಬ್ಬದ ಹಾಡು ಹಾಡುತ್ತಿದ್ದರು. ಹರಕು ನಿಲುವಂಗಿಯಲ್ಲೇ ನಾನೂ ಗಂಟಲು ಹರಿಯುವಂತೆ ಹಾಡಿದೆ.

ಮರಿಯನ್ನು ತಬ್ಬಿಕೊಂಡ ಅಜ್ಜಿ ಕಣ್ಣೀರು ಒರೆಸಿಕೊಂಡರು. “ನನ್ನಿಂದ ನಿನ್ ಪಾರ್ಟು ಕೆಟ್ಟೋಯ್ತಲ್ಲಪ್ಪ ಸಾಮ್ಯೇಲಾ.”

“ಓಗ್ಲಿ ಬುಡಜ್ಜಿ,” ಎಂದೆ. “ಇವತ್ತು ಸಿಕ್ಕಿದ್ದು ನಿನ್ ಮರಿ ಒಂದೇ ಅಲ್ಲ, ನಾನೂ ಸಿಕ್ದೆ.”

ಆಮೇಲೂ ಎಷ್ಟೋ ಪಾರ್ಟು ಮಾಡಿದೆ. ಚಪ್ಪಾಳೆ ಬಿದ್ದ ದಿನವೂ ಬೀಳದ ದಿನವೂ ನಾನು ಆ ಸ್ವಾಮಿಯವನೇ. ಈ ವಯಸ್ಸಿನಲ್ಲೂ ಅದನ್ನು ನೆನೆದರೆ ಎದ್ದು ಕುಣಿಯುವಷ್ಟು ಸಂತೋಷವಾಗುತ್ತದೆ.