ಹೊನ್ನಾಳಿ ಸೇತುವೆ ಮೇಲೆ ನನ್ನ ಕಮಲದ ಕಾಸು

ಚನ್ನಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ತಿಂದು ಇಪ್ಪತ್ತರ ನೋಟು ಕೊಟ್ಟೆ. ಅಂಗಡಿಯವನು ಚಿಲ್ಲರೆ ಅಂತ ಒಂದು ಐದು ರೂಪಾಯಿ ನಾಣ್ಯ ಕೊಟ್ಟ. ಅದು ಐದು ರೂಪಾಯಿ ಎಂದು ಅವನೂ ನಂಬಿದ್ದ. ಬಣ್ಣ ಹಳದಿ, ಗಾತ್ರವೂ ಹೆಚ್ಚುಕಮ್ಮಿ ಅಷ್ಟೇ. ತಿರುಗಿಸಿ ನೋಡಿದರೆ ಒಂದು ಬದಿಗೆ ಸಿಂಹ, ಇನ್ನೊಂದು ಬದಿಗೆ ಕಮಲದ ಹೂವು. ನಮ್ಮಮ್ಮ ಹುಟ್ಟುವುದಕ್ಕೂ ಮೊದಲಿನ ಇಪ್ಪತ್ತು ಪೈಸೆ. ನನಗೆ ನಾಲ್ಕು ರೂಪಾಯಿ ಎಂಬತ್ತು ಪೈಸೆ ಮೋಸವಾಗಿತ್ತು. ಅಷ್ಟು ಖುಷಿಯಿಂದ ಮೋಸ ಹೋದವನು ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ.

ಖುಷಿಗೆ ಕಾರಣ ನ್ಯಾಮತಿಯಲ್ಲಿತ್ತು. ಅಲ್ಲಿ ನಮ್ಮ ದೊಡ್ಡಮ್ಮನ ಪಕ್ಕದ ಮನೆಯಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರಿದ್ದಾರೆ. ಹಳೆಯ ನಾಣ್ಯ ಕೂಡಿಡುವುದು ಅವರ ಹುಚ್ಚು. ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನಂಬಿ, ಲಕ್ಷಗಟ್ಟಲೆ ಬೆಲೆ ಬಾಳುತ್ತದೆಂದು ಮೊದಲ ಸಲ ನಾನು ದೇವಿಯ ಚಿತ್ರವಿದ್ದ ಐದು ರೂಪಾಯಿ ಒಯ್ದಿದ್ದೆ. "ಇದನ್ನ ಕೊಟ್ಟು ಒಂದು ಬಾಳೆಹಣ್ಣು ತಗಾ ಹೋಗು" ಅಂದಿದ್ದರು. ಎರಡನೇ ಸಲ ರಾಜರ ಕಾಲದ್ದು ಅಂತ ಒಯ್ದದ್ದು ಯಾವುದೋ ಹೋಟೆಲಿನ ಕಾಫಿ ಟೋಕನ್. ಆಗ ಮೇಷ್ಟ್ರು ಕನ್ನಡಕ ತೆಗೆದರು.

"ನೋಡಪ್ಪಾ, ಇನ್ನೊಂದೇ ಸಲ. ಖರೇದು ತಂದ್ರೆ ಈ ಖಾಲಿ ಆಲ್ಬಮ್ ನಿಂದು. ಸುಳ್ಳು ತಂದ್ರೆ ನಮ್ಮನೆ ಕಡೆ ತಲೆ ಹಾಕಬ್ಯಾಡ."

ಆ ಆಲ್ಬಮ್ಮಿನ ಪ್ರತಿ ಹಾಳೆಯಲ್ಲೂ ನಾಣ್ಯಕ್ಕೊಂದರಂತೆ ಸಣ್ಣ ಸಣ್ಣ ಪ್ಲಾಸ್ಟಿಕ್ ಕಿಸೆಗಳಿದ್ದವು. ನಾನು ಎಷ್ಟೋ ರಾತ್ರಿ ನಿದ್ದೆ ಮಾಡಿರಲಿಲ್ಲ. ಸರಿ, ಒಂದು ರಾತ್ರಿ. ಅದೂ ಸೊಳ್ಳೆ ಕಾಟಕ್ಕೆ.

ಹಾಗಾಗಿ ಕಮಲದ ಕಾಸು ಸಿಕ್ಕ ಭಾನುವಾರವೇ ಹೊನ್ನಾಳಿ ಮೇಲೆ ನ್ಯಾಮತಿಗೆ ಹೋಗುವ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಇನ್ನೂರು ಜನ, ಮೂರು ಕೋಳಿ. ಕೋಳಿಯ ಲೆಕ್ಕ ಮಾತ್ರ ನಿಜ. ನನಗೆ ಕೊನೆಯ ಸೀಟಿನ ನಟ್ಟನಡುವೆ ಜಾಗ ಸಿಕ್ಕಿತು. ಕಾಸನ್ನು ಕಿಸೆಯಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸುಮ್ಮನೆ ಕೂರುವುದು ನಮ್ಮ ವಂಶದಲ್ಲೇ ಇಲ್ಲ. ಪಕ್ಕದಲ್ಲಿದ್ದ ಅಡಿಕೆ ಚೀಲದ ಯಜಮಾನರಿಗೆ ತೋರಿಸಿದೆ.

"ಇದ್ರಾಗೆ ಬಂಗಾರ ಐತಂತೆ ಕಣೋ. ನಮ್ಮವ್ವ ಲಕ್ಷ್ಮಿ ಪೂಜೆಗೆ ಇದನ್ನೇ ಇಡ್ತಿದ್ಲು" ಎಂದರು ಅವರು.

"ಈಗ ಒಂದು ಲಕ್ಷ ರೇಟೈತೆ" ಎಂದೆ.

"ಹಂಗಾರೆ ನನ್ನ ಟಿಕೀಟೂ ನೀನೇ ತಗಾ."

ಮುಂದಿನ ಸೀಟಿನವರು ತಿರುಗಿದರು. "ಎಲ್ಲಿ, ಕೊಡ್ರಿಲ್ಲಿ ನೋಡಾನ." ಅವರಿಂದ ಅವರ ಮುಂದಿನವರಿಗೆ, ಅಲ್ಲಿಂದ ಕೋಳಿಯ ಮಾಲೀಕರಿಗೆ, ಹೀಗೆ ನನ್ನ ಕಾಸು ಬಸ್ಸಿನೊಳಗೆ ಇನ್ನೊಂದು ಪ್ರಯಾಣ ಹೊರಟಿತು. ಅದು ಒಂದೊಂದು ಸೀಟು ದಾಟಿದ ಹಾಗೆಲ್ಲ ನಾನು ಹಿಂದಿನಿಂದ ರೇಟು ಏರಿಸುತ್ತಿದ್ದೆ. ಡ್ರೈವರನ ಹಿಂದಿನ ಸೀಟು ತಲುಪುವಾಗ ಐದು ಲಕ್ಷವಾಗಿತ್ತು. ಅಲ್ಲಿ ಕಿಟಕಿ ಪಕ್ಕ ಒಬ್ಬ ಅಜ್ಜಿ ಕೂತಿದ್ದರು.

ಅಷ್ಟರಲ್ಲಿ ಬಸ್ಸು ಹೊನ್ನಾಳಿ ಸೇತುವೆ ಹತ್ತಿತು.

ಸೇತುವೆ ಬಂದರೆ ನಮ್ಮ ಕಡೆ ಬಸ್ಸಿನಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಹೊಳೆಗೆ ಕಾಸು ಹಾಕುತ್ತಾರೆ. ಕಿಟಕಿ ಸಿಗದವರು ತಮ್ಮ ಕಾಸನ್ನು ಕೈಯಿಂದ ಕೈಗೆ ದಾಟಿಸಿ ಕಿಟಕಿಯವರಿಗೆ ಮುಟ್ಟಿಸುತ್ತಾರೆ. ಅವರು ಎಲ್ಲರ ಪರವಾಗಿ ಹಾಕಿ ಕೈ ಮುಗಿಯುತ್ತಾರೆ. ಅಜ್ಜಿಯ ಅಂಗೈಯಲ್ಲಿ ಆಗಲೇ ನಾಲ್ಕೈದು ಕಾಸು ಕೂಡಿದ್ದವು. ನನ್ನದೂ ಹಿಂದಿನಿಂದ ಕೈಯಿಂದ ಕೈಗೇ ಬಂದಿತ್ತು.

"ಅಜ್ಜೀ, ಅದು ಹಾಕಾಕಲ್ಲ" ಎಂದು ಕೂಗಿದೆ. ಇಂಜಿನ್ ಸದ್ದಿನಲ್ಲಿ ನನ್ನ ಪಕ್ಕದ ಚೀಲಕ್ಕೂ ಅದು ಕೇಳಲಿಲ್ಲ. ಅಜ್ಜಿ ಕೈ ಹೊರಗೆ ಚಾಚಿದರು. ತುಂಗಭದ್ರೆಯ ಮೇಲೆ ಒಂದು ಹಳದಿ ಚುಕ್ಕೆ ಮಿಂಚಿ ಮಾಯವಾಯಿತು.

ಜನರನ್ನು ತುಳಿಯುತ್ತಾ ಮುಂದೆ ಓಡಿದೆ.

"ಅದು ನಿಂದಾ ಮಗಾ?" ಎಂದರು ಅಜ್ಜಿ. "ಕಮಲದ ಕಾಸು ನೋಡಿ, ಯಾರೋ ಪುಣ್ಯಾತ್ಮರು ಕೊಟ್ಟಾರೆ ಅಂದ್ಕಂಡೆ. ಅಂಗಡೇರು ತಗಳ್ದಿದ್ರೂ ಗಂಗವ್ವ ತಗಂತಾಳೆ. ನಿನ್ನ ಹೆಸರಾಗೇ ಕೈ ಮುಗಿದೀನಿ ಬಿಡು."

"ಐದು ಲಕ್ಷ ಹೊಳೆ ಪಾಲಾತು" ಎಂದು ಹಿಂದಿನಿಂದ ಯಾರೋ ಅಂದರು. ಇಡೀ ಬಸ್ಸು ನಕ್ಕಿತು. ಕೋಳಿಗಳೂ.

ಮೇಷ್ಟ್ರ ಮನೆಯ ಮುಂದೆ ಬರಿಗೈಯಲ್ಲಿ ನಿಂತೆ. ನಡೆದದ್ದನ್ನೆಲ್ಲ ಹೇಳಿದೆ. ಅವರ ಮುಖ ನೋಡಿದರೆ ಬಾಗಿಲು ಹಾಕುವ ಅಂದಾಜಿತ್ತು.

"ಕಾಸು ಹೆಂಗಿತ್ತು?"

ಫಳಫಳ ಹೊಳೀತಿತ್ತು ಎನ್ನಲು ಬಾಯಿ ತೆರೆದೆ. ಆದರೆ ಆ ಕಾಸು ಕಣ್ಣಿಗೆ ಕಟ್ಟಿದಂತಿತ್ತು. ಬಾಯಿಗೆ ಬಂದದ್ದು ಅದೇ.

"ಅಲ್ಲಲ್ಲಿ ಕಪ್ಪಾಗಿತ್ತು ಸಾರ್. ಸಿಂಹದ ಮೂಗು ಸವೆದಿತ್ತು. ಕಮಲದ ಕಡೆ ಅಂಚಿನಾಗೆ ಒಂದು ಮುಕ್ಕಿತ್ತು, ಯಾರೋ ಸುತ್ತಿಗೆ ಹೊಡೆದಂಗೆ."

"ಎಷ್ಟು ಬೆಲೆ ಅಂತ ಮಾಡಿದ್ದಿ?"

"ಗೊತ್ತಿಲ್ಲ ಸಾರ್."

ಹುಟ್ಟಿದಾಗಿನಿಂದ ಆ ಮಾತನ್ನು ನಾನು ಆಡಿದ್ದು ಅದೇ ಮೊದಲು.

"ಮುಕ್ಕಿಲ್ದಿದ್ರೆ ಅದನ್ನ ಮಾರಿ ಒಂದು ಬೆಣ್ಣೆ ದೋಸೆ ತಿನ್ನಬಹುದಿತ್ತು. ಕಾಫಿಗೆ ನಿಮ್ಮಪ್ಪನ್ನೇ ಕೇಳಬೇಕಿತ್ತು" ಎಂದು ಒಳಗೆ ಹೋದ ಮೇಷ್ಟ್ರು ಆಲ್ಬಮ್ ಹಿಡಿದು ಬಂದರು. "ಸುಳ್ಳು ಹೇಳಾಕೆ ಬಂದೋನು ಹೊಳೇಲಿರೋ ಕಾಸಿಗೆ ಮುಕ್ಕು ಯಾಕೆ ಮಾಡ್ತಾನೆ? ತಗಾ."

ವಾಪಸು ಬರುವಾಗ ಬಸ್ಸಿನಲ್ಲಿ ನನಗೇ ಕಿಟಕಿ ಸೀಟು ಸಿಕ್ಕಿತು. ತೊಡೆಯ ಮೇಲೆ ಖಾಲಿ ಆಲ್ಬಮ್. ಪಕ್ಕದಲ್ಲಿ ಕೂತ ಹುಡುಗನಿಗೆ ನನ್ನ ಕಮಲದ ಕಾಸಿನ ಕಥೆ ಹೇಳಿದೆ. ಅಷ್ಟರಲ್ಲಿ ಅದು ಹತ್ತು ಲಕ್ಷಕ್ಕೆ ಮುಟ್ಟಿತ್ತು. ಮುಕ್ಕಿನ ವಿಷಯ ಎತ್ತಲಿಲ್ಲ. ಅದು ನನಗೂ ಮೇಷ್ಟ್ರಿಗೂ ಇರಲಿ. ಸೇತುವೆ ಬಂತು. ಹಿಂದಿನಿಂದ ಕೈಯಿಂದ ಕೈಗೆ ಕಾಸು ಬರತೊಡಗಿದವು. ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದೆ.

"ಏನ್ ನೋಡ್ತೀಯಲೇ, ಹಾಕು. ಸೇತುವೆ ಮುಗೀತೈತೆ" ಎಂದರು ಹಿಂದಿನವರು.

"ತಡೀರಿ, ಇನ್ನೆರಡು ಅದಾವೆ" ಎಂದೆ.