ಅಂಚು ಮುಗಿಯದ ಬೀಸಣಿಕೆ

ದೆವ್ವ, ಭೂತ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವವಳು ನಾನು. “ಮಾಡಾಕ ಕೆಲಸ ಇಲ್ಲೇನ್ರಿ ನಿಮಗ?” ಎಂದು ಮುಖಕ್ಕೆ ಹೊಡೆದಂತೆ ಕೇಳಿದ್ದೂ ಉಂಟು. ಈಗ ನಾನೇ ಹೇಳಲು ಕೂತಿದ್ದೇನೆ. ನಗುವವರು ನಗಲಿ.

ನನ್ನ ಅತ್ತೆಯ ಊರು ದೇವದುರ್ಗದ ಕಡೆಯ ಮಸರಕಲ್. ಹಿತ್ತಲಲ್ಲಿ ಒಂದು ತಾಳೆ ಮರ. ನಮ್ಮಲ್ಲಿ ತಾಟಿ ಗಿಡ ಎನ್ನುತ್ತಾರೆ. ಅದರ ನುಂಗು ತಿನ್ನಲು, ದೊಡ್ಡ ಗರಿ ದನದ ಚಪ್ಪರಕ್ಕೆ, ಎಳೆ ಗರಿ ಅತ್ತೆಯ ಬೀಸಣಿಕೆಗೆ. ಹೆಣೆದು ಮುಗಿದ ಮೇಲೆ ಹಳೇ ಸೀರೆಯ ಪಟ್ಟಿಯಿಂದ ಸುತ್ತಲೂ ಅಂಚು ಹೊಲಿಯುತ್ತಿದ್ದರು. ಹೊಲಿಗೆ ಅರ್ಧಕ್ಕೆ ಬಿಟ್ಟು ಮಾತ್ರ ಏಳುತ್ತಿರಲಿಲ್ಲ.

“ಅಂಚು ಮುಗೀಲಿಲ್ಲಂದ್ರ ಮಾಡಿದಾಕಿ ಕೈ ಅದರಾಗ ಉಳೀತದ ಬೇ.”

“ಉಳೀಲಿ ಬಿಡ್ರಿ ಅತ್ತಿ, ಮನಿಗೆಲಸಕ್ಕ ಒಂದು ಕೈ ಹೆಚ್ಚಾಗ್ತದ,” ಎಂದು ನಾನು ನಗುತ್ತಿದ್ದೆ.

ನಾನು ಬಸುರಿಯಿದ್ದಾಗ, ಹುಟ್ಟುವ ಕೂಸಿಗೆಂದು ಪುಟ್ಟದೊಂದನ್ನು ಹೆಣೆದರು. ಅಂಚು ಅರ್ಧವಾಗಿತ್ತು, ಎದೆನೋವು ಬಂತು, ಸಂಜೆಯೊಳಗೆ ಹೋಗಿಬಿಟ್ಟರು. ಅದನ್ನು ಎಸೆಯಲು ನನ್ನ ಗಂಡನಿಗೆ ಮನಸ್ಸಾಗಲಿಲ್ಲ. ನಮ್ಮ ಜೊತೆ ರಾಯಚೂರಿಗೆ ಬಂದು ಟ್ರಂಕಿನ ತಳ ಸೇರಿತು.

ಮಗಳು ಹುಟ್ಟಿದ ಮುಂದಿನ ಬೇಸಿಗೆಯಲ್ಲಿ ಕೂಸಿಗೆ ಜ್ವರ ಬಂದು ಮೈ ಕೆಂಡವಾಯಿತು. ಡಾಕ್ಟರು ಔಷಧ ಕೊಟ್ಟು, ಗಾಳಿ ಆಡುವಂತೆ ನೋಡಿಕೊಳ್ಳಿ, ಇಳಿಯದಿದ್ದರೆ ಸಂಜೆಗೆ ದವಾಖಾನೆಗೆ ಸೇರಿಸೋಣ ಎಂದಿದ್ದರು. ಗಂಡ ಮಾನ್ವಿಗೆ ಹೋಗಿದ್ದರು. ಮಟಮಟ ಮಧ್ಯಾಹ್ನ ಕರೆಂಟ್ ಹೋಯಿತು. ನಾಡಿಗೆಲ್ಲ ಕರೆಂಟ್ ಕಳಿಸುವ ಊರು ನಮ್ಮದು, ಏನು ಬಂತು! ಬಾಗಿಲಿಗೆ ಚಿಲಕ ಹಾಕಿ, ರಟ್ಟು ಹಿಡಿದು ಬೀಸುತ್ತಾ ಕೂತೆ. ಕೂಸು ಅಳುವುದನ್ನೂ ಬಿಟ್ಟಿತ್ತು, ಅದೇ ನನಗೆ ಹೆಚ್ಚು ಭಯ. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು, ಯಾವಾಗ ಮುಚ್ಚಿತೋ ತಿಳಿಯದು.

ತಣ್ಣನೆಯ ಗಾಳಿಗೆ ಎಚ್ಚರವಾಯಿತು. ನೀರು ಚಿಮುಕಿಸಿದ ತಾಳೆಗರಿಯ ವಾಸನೆ ಬರುತ್ತಿತ್ತು. ಫ್ಯಾನು ನಿಂತೇ ಇತ್ತು. ಕೂಸು ಬೆವತು, ಜ್ವರ ಇಳಿದು ಹಾಯಾಗಿ ಮಲಗಿತ್ತು. ಅದರ ತಲೆಯ ಬಳಿ ಆ ಬೀಸಣಿಕೆ, ಒದ್ದೆಯಾಗಿ. ಟ್ರಂಕಿನ ಬೀಗ ಹಾಕಿದ್ದು ಹಾಗೇ ಇತ್ತು, ಬಾಗಿಲ ಚಿಲಕವೂ ಹಾಗೇ. ಎತ್ತಿ ನೋಡಿದೆ. ಅರ್ಧಕ್ಕೆ ನಿಂತಿದ್ದ ಹೊಲಿಗೆ ಮುಂದಕ್ಕೆ ಬಂದಿತ್ತು, ನಾಲ್ಕು ಬೆರಳಿನಷ್ಟು ಮಾತ್ರ ಬಾಕಿ. ಕೂಸನ್ನು ಎದೆಗವಚಿಕೊಂಡು ಕೂತುಬಿಟ್ಟೆ.

“ನಿದ್ದಿಗಣ್ಣಾಗ ನೀನ ಹೊಲಿದಿರಬೇಕು,” ಎಂದರು ಗಂಡ. ಇರಬಹುದು. ಆದರೆ ನನಗೆ ಅಂಗಿಗೆ ಗುಂಡಿ ಹಚ್ಚಲೂ ನೆಟ್ಟಗೆ ಬರುವುದಿಲ್ಲ.

ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಟ್ರಂಕು ತೆಗೆದು, “ಯವ್ವಾ, ಇಷ್ಟೇ ಉಳಿದದ, ಹೊಲಿದುಬಿಡ್ಲೇನು?” ಎಂದು ಸೂಜಿ ಹಿಡಿದಳು. ಕಸಿದುಕೊಂಡೆ. ಬೀಸಣಿಕೆಯನ್ನು ಮತ್ತೆ ಟ್ರಂಕಿನ ತಳಕ್ಕೆ ಹಾಕಿ ಬೀಗ ಜಡಿದೆ. ಕರೆಂಟ್ ಹೋದ ಮಧ್ಯಾಹ್ನಗಳಲ್ಲಿ ಆ ಟ್ರಂಕಿಗೆ ಬೆನ್ನು ಕೊಟ್ಟು ಕೂರಲು ನನಗೆ ಇವತ್ತಿಗೂ ಧೈರ್ಯವಿಲ್ಲ. ಆದರೂ ಅಂಚು ಮುಗಿಸಲಾರೆ. ಮುಗಿಸಿಬಿಟ್ಟರೆ ಅತ್ತೆಗೆ ನಮ್ಮ ಮನೆಯಲ್ಲಿ ಇನ್ನೇನು ಕೆಲಸ?