ಗೋಲ್‌ಕೀಪರ್ ಮಾವನ ಒಂಬತ್ತು ಅಂಗಿಗಳು

ಮೂರನೆಯ ಮಗ್ಗದ ಮೋಟಾರಿಗೆ ಹೊದಿಸಿದ್ದ ಗಿಳಿಹಸಿರು ಅಂಗಿಯ ಬೆನ್ನಿನ ಮೇಲೆ 30 ಎಂದಿತ್ತು. ಮೋಟಾರಿನ ಬಿಸಿಗೆ ಸೊನ್ನೆಯ ಮೇಲರ್ಧ ಕರಗಿಹೋಗಿ, ಉಳಿದದ್ದು ಕುದುರೆಯ ಲಾಳದಂತೆ ಕಾಣುತ್ತಿತ್ತು. ಎರಡೂ ತೋಳುಗಳನ್ನು ಹಿಂದಕ್ಕೆ ಎಳೆದು ನೂಲಿನಿಂದ ಬಿಗಿದಿದ್ದರು, ಕಳ್ಳನನ್ನು ಹಿಡಿದು ಕಟ್ಟಿಹಾಕಿದ ಹಾಗೆ.

ಶನಿವಾರ ಮಧ್ಯಾಹ್ನ. ಕರೆಂಟು ಹೋಗಿ ನಮ್ಮ ಶೆಡ್ಡಿನ ನಾಲ್ಕೂ ಮಗ್ಗಗಳು ನಿಂತಿದ್ದವು. ಕೊಯಮತ್ತೂರಿನ ಹತ್ತಿರದ ನಮ್ಮ ಸೋಮನೂರಿನಲ್ಲಿ ಅಪರೂಪಕ್ಕೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವ ಹೊತ್ತು.

"ಇದು ಕೊಚ್ಚಿ ಅಂಗಿ," ಎಂದ ಮಾವ.

"ಯಾವ ಊರಾದ್ರೇನು? ಇದು ಹೊದಿಸಿದ್ಮೇಲೆ ಮೋಟಾರಿಗೆ ಒಂದು ಎಳೆ ಹತ್ತಿ ಧೂಳು ಹೋಗಿಲ್ಲ," ಎಂದಳು ಅಜ್ಜಿ.

ಮಾವ ಎಂದರೆ ಅಮ್ಮನ ಕೊನೆಯ ತಮ್ಮ, ಅಜ್ಜಿಯ ಕಿರಿಯ ಮಗ. ಹದಿನಾಲ್ಕು ವರ್ಷ ಫುಟ್‌ಬಾಲನ್ನೇ ಉದ್ಯೋಗ ಮಾಡಿಕೊಂಡಿದ್ದವನು. ಒಟ್ಟು ಒಂಬತ್ತು ಕ್ಲಬ್ಬುಗಳು: ಕೊಚ್ಚಿ, ಗೋವಾ, ಕೋಲ್ಕತ್ತ, ಶಿಲ್ಲಾಂಗ್, ನಡುವೆ ಒಂದು ವರ್ಷ ಮಾಲ್ದೀವ್ಸ್, ಹೀಗೆ. ನೂಲು ಕೊಳ್ಳಲು ಈರೋಡಿನವರೆಗೆ ಹೋಗಿಬಂದವರನ್ನೇ ಊರು ಸುತ್ತಿದವರು ಎನ್ನುವ ನಮ್ಮ ಬೀದಿಯಲ್ಲಿ ಅವನಿಗೆ ಸಮಾನರಿರಲಿಲ್ಲ. ಆದರೆ ಅವನು ಎಲ್ಲ ಕಡೆಯೂ ಎರಡನೆಯ ಗೋಲ್‌ಕೀಪರ್. ಮೊದಲನೆಯವನಿಗೆ ಏನಾದರೂ ಆದರೆ ಮಾತ್ರ ಮೈದಾನಕ್ಕೆ ಇಳಿಯಬೇಕಾದವನು. ಮೊದಲನೆಯವರೆಲ್ಲ ಗಟ್ಟಿಮುಟ್ಟಾಗಿದ್ದರು.

ಹಾಗಾಗಿ ರಜೆಗೆ ಬಂದಾಗ ಅವನು ಹೇಳುತ್ತಿದ್ದುದೆಲ್ಲ ಬೆಂಚಿನ ಕಥೆಗಳು. ಕೋಲ್ಕತ್ತದ ಬೆಂಚು ಕಬ್ಬಿಣದ್ದು, ಏಪ್ರಿಲ್ ತಿಂಗಳಲ್ಲಿ ಒದ್ದೆ ಟವೆಲ್ ಹಾಸದೆ ಕೂರುವಂತಿಲ್ಲ. ಗೋವಾದಲ್ಲಿ ಬೆಂಚಿನ ಕೆಳಗೆ ಒಂದು ನಾಯಿ ಮಲಗುತ್ತಿತ್ತು. ಅವನ ತಂಡ ಗೋಲು ಹೊಡೆದಾಗ ಮಾತ್ರ ಅದಕ್ಕೆ ಎಚ್ಚರ. ಆ ವರ್ಷ ಅದು ಚೆನ್ನಾಗಿ ನಿದ್ದೆ ಮಾಡಿತಂತೆ. ಮಾಲ್ದೀವ್ಸ್‌ನಲ್ಲಿ ಬೆಂಚಿನ ಹಿಂದೆಯೇ ಸಮುದ್ರ. ಚೆಂಡು ನೀರಿಗೆ ಬಿದ್ದರೆ ಹೋಗಿ ತರುವುದು ಎರಡನೆಯ ಗೋಲ್‌ಕೀಪರನ ಕೆಲಸ. ಚಿಕ್ಕವಳಿದ್ದಾಗ ನಾನು ಫುಟ್‌ಬಾಲ್ ಎಂದರೆ ಕೂತು ಆಡುವ ಆಟ ಎಂದೇ ತಿಳಿದಿದ್ದೆ.

ಈ ವರ್ಷ ಯಾವ ಕ್ಲಬ್ಬೂ ಅವನನ್ನು ಕರೆಯಲಿಲ್ಲ. ವಯಸ್ಸು ಮೂವತ್ತೇಳಾಗಿತ್ತು. ಕುರಿಚಿಯ ಒಂದು ಕಬ್ಬಿಣದ ಫೌಂಡ್ರಿಯಲ್ಲಿ ಸ್ಟೋರ್‌ರೂಮಿನ ಕೆಲಸವನ್ನು ನೆಂಟರೊಬ್ಬರು ಗೊತ್ತುಮಾಡಿದ್ದರು, ಮಂಗಳವಾರ ಸೇರಬೇಕಿತ್ತು. ಮಾವ ಅದರ ಬಗ್ಗೆ ಕೆಟ್ಟದ್ದೇನೂ ಆಡಲಿಲ್ಲ. "ಅಲ್ಲಿ ಹುಲ್ಲು ಇದೆಯಾ?" ಎಂದಷ್ಟೇ ಕೇಳಿದ. ಇಲ್ಲ ಎಂದರು. ಅಷ್ಟರಲ್ಲಿ ಕುನ್ನತ್ತೂರಿನ ಒಂದು ಶಾಲೆ ಫುಟ್‌ಬಾಲ್ ಕೋಚ್ ಹುಡುಕುತ್ತಿದೆಯೆಂದು ತಿಳಿಯಿತು. ಫೋನ್ ಮಾಡಿದರೆ, ಸೋಮವಾರ ಹತ್ತು ಗಂಟೆಗೆ ಬನ್ನಿ, ಆಡಿದ್ದಕ್ಕೆ ಪುರಾವೆ ತನ್ನಿ ಎಂದರು. ಅಂದರೆ ಸೋಮವಾರ ಒಂದೇ ದಿನ. ಅದು ತಪ್ಪಿದರೆ ಮಂಗಳವಾರದಿಂದ ಕಬ್ಬಿಣ.

ಪುರಾವೆಯೇ ಕಷ್ಟವಾಯಿತು. ಎರಡು ಕ್ಲಬ್ಬುಗಳು ಮುಚ್ಚಿಹೋಗಿದ್ದವು. ಒಂದರ ನಂಬರಿಗೆ ಫೋನ್ ಮಾಡಿದರೆ ಮದುವೆ ಮಂಟಪದವರು ಎತ್ತಿ, ಯಾವ ಮುಹೂರ್ತ ಎಂದು ಕೇಳಿದರು. ಉಳಿದವರು ಪತ್ರ ಕಳಿಸಲು ಹದಿನೈದು ದಿನ ಬೇಕೆಂದರು. ತಂಡದ ಫೋಟೋಗಳಲ್ಲಿ ಎರಡನೆಯ ಗೋಲ್‌ಕೀಪರ್ ಅಂಚಿಗೆ ನಿಲ್ಲುತ್ತಾನೆ. ಪತ್ರಿಕೆಯವರು ಅಂಚು ಕತ್ತರಿಸುತ್ತಾರೆ. ಅವನ ಸ್ವಂತ ಫೋಟೋಗಳಿದ್ದ ಮೊಬೈಲು ಮಾಲ್ದೀವ್ಸ್‌ನಲ್ಲಿ ಚೆಂಡು ತರಲು ಹೋದಾಗ ಜೇಬಿನಲ್ಲೇ ಇತ್ತು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಅದೇ ಹೆಸರಿನ ಪಶುವೈದ್ಯರೊಬ್ಬರು ಬರುತ್ತಿದ್ದರು, ಎಮ್ಮೆಯ ಜೊತೆ.

"ಅಂಗಿ ಇದೆಯಲ್ಲ," ಎಂದ ಮಾವ. ಪ್ರತಿ ಕ್ಲಬ್ಬು ಬಿಡುವಾಗಲೂ ಹೆಸರು, ನಂಬರು ಅಚ್ಚಾಗಿದ್ದ ಒಂದು ಅಂಗಿಯನ್ನು ತಂದು, ಜೋಪಾನವಾಗಿಡು ಎಂದು ಅಜ್ಜಿಯ ಕೈಗೆ ಕೊಟ್ಟಿದ್ದ. ಅಜ್ಜಿಯ ಟ್ರಂಕು ತೆರೆದರೆ ಸೀರೆಗಳು, ಒಂದು ಧೋತರ, ನುಸಿಗುಳಿಗೆ.

ಅಜ್ಜಿ ತಪ್ಪು ಒಪ್ಪಿಕೊಳ್ಳಲಿಲ್ಲ. ಮೂರು ತಲೆಮಾರು ನೇಯ್ದವರ ಮನೆಯವಳು. ಹೆಣೆದ ಬಟ್ಟೆಯನ್ನು ಅವಳು ಬಟ್ಟೆಯೆಂದು ಎಣಿಸುವುದಿಲ್ಲ. ಬನಿಯನ್ ಬಟ್ಟೆ ಹೆಣೆಯುವ ತಿರುಪ್ಪೂರು ಬರೀ ಮೂವತ್ತು ಕಿಲೋಮೀಟರಿನೊಳಗಿದ್ದರೂ ಅವಳ ಮಟ್ಟಿಗೆ ಅದು ಬೇರೆ ಮತ. "ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದು ಕಡೆ ಎಳೆದ್ರೆ ಇನ್ನೊಂದು ಕಡೆ ಸಣ್ಣ ಆಗುತ್ತೆ. ಅದನ್ನ ಟ್ರಂಕಲ್ಲಿ ಸೀರೆ ಜೊತೆ ಇಡ್ತಾರಾ? ಮಗ್ಗ ಒರೆಸೋಣ ಅಂತ ನೋಡ್ದೆ, ಎಣ್ಣೆನೂ ಕುಡಿಯಲ್ಲ ದರಿದ್ರದ್ದು. ಕೇಳ್ದೋರಿಗೆ ಕೊಟ್ಟೆ."

"ಒಂಬತ್ತೂನಾ?"

"ಒಂಬತ್ತಕ್ಕೂ ಕೇಳ್ದೋರು ಇದ್ರು, ನಾನೂ ಸೇರಿ."

ನಾನು ಕೊಯಮತ್ತೂರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಮಾಡುವವಳು. ಕಳೆದುಹೋದದ್ದನ್ನು ಯಾರು, ಯಾವಾಗ ಒಯ್ದರೆಂದು ಹುಡುಕುವುದು ನನಗೆ ಅಭ್ಯಾಸ. ಭಾನುವಾರ ಬೆಳಿಗ್ಗೆ ಒಂದು ಚೀಲ ಹಿಡಿದು ಮಾವನ ಜೊತೆ ಹೊರಟೆ.

ಎದುರುಮನೆಯ ಅತ್ತೆ ಬಾಗಿಲಲ್ಲೇ, "ಅಯ್ಯೋ ನನ್ನ ಕಣ್ಣೇ, ಅದು ಈಗ ಒದ್ದೆ," ಎಂದಳು. ಶಿಲ್ಲಾಂಗಿನ ಹಳದಿ ಅಂಗಿ ಅವಳ ಅಡುಗೆಮನೆಯಲ್ಲಿ ಪಾತ್ರೆಯೊಂದರ ಬಾಯಿಗೆ ಬಿಗಿದುಕೊಂಡು ರಾಗಿ ಹಾಲು ಸೋಸುತ್ತಿತ್ತು. ಬೆವರು ಆರಲೆಂದು ಅದರ ಕಂಕುಳಲ್ಲಿ ಸಣ್ಣ ರಂಧ್ರಗಳಿದ್ದವು. ಅತ್ತೆ ಆ ಭಾಗವನ್ನೇ ಆರಿಸಿಕೊಂಡಿದ್ದಳು.

"ಹಾಕ್ಕೊಂಡಿದ್ದೆ ಅತ್ತೆ ಅದನ್ನ ನಾನು," ಎಂದ ಮಾವ.

"ಆಮಾ, ಹೌದಪ್ಪಾ, ಒಗೆದೇ ಕಟ್ಟಿದ್ದು. ನನ್ನ ಎರಡು ಮೊಮ್ಮಕ್ಕಳು ಇದರಲ್ಲೇ ಬೆಳೆದಿದ್ದು. ನೋಡು, ಹೇಗಿದ್ದಾರೆ." ಒಳಗೆ ದುಂಡಗಿನ ಮಗುವೊಂದು ಕೂತು ಮಾವನನ್ನು ನೋಡುತ್ತಿತ್ತು. ಮಾವ ಅದಕ್ಕೆ ನಮಸ್ಕಾರ ಮಾಡಿದ. ಯಾಕೆಂದು ನಾನು ಕೇಳಲಿಲ್ಲ. ಸೋಸಿ ಮುಗಿದ ಮೇಲೆ ಅತ್ತೆ ಅಂಗಿಯನ್ನು ಹಿಂಡಿ ನನ್ನ ಚೀಲಕ್ಕೆ ಹಾಕಿದಳು.

ಮೂಲೆಮನೆಯ ದೊಡ್ಡಪ್ಪ ಹನ್ನೆರಡು ಮಗ್ಗಗಳ ಯಜಮಾನ, ಬೀದಿಯಲ್ಲಿ ಯಾರನ್ನೂ ಕೆಣಕದೆ ಬಿಡುವವರಲ್ಲ. ಅವರ ಹಿತ್ತಲಿನ ಪಪ್ಪಾಯಿ ಗಿಡ ಗೋವಾದ ಗುಲಾಬಿ ಅಂಗಿ ತೊಟ್ಟು ನಿಂತಿತ್ತು. ಕಾಗೆ ಕುಕ್ಕದಿರಲೆಂದು ಕಾಯಿಗಳ ಮೇಲೆ ಅಂಗಿಯನ್ನು ಇಳಿಸಿ, ತೋಳುಗಳನ್ನು ಎರಡು ಎಲೆದಂಟಿಗೆ ಏರಿಸಿದ್ದರು. ನಂಬರು 22. ಎದೆ ತುಂಬಿಕೊಂಡು, ಕೈ ಚಾಚಿ, ಪೆನಾಲ್ಟಿಗೆ ಕಾಯುತ್ತಿರುವ ಹಾಗಿತ್ತು.

"ನಿನಗಿಂತ ಚೆನ್ನಾಗಿ ಗೋಲು ಕಾಯ್ತದೆ ಮಾಪ್ಳೆ," ಎಂದರು ದೊಡ್ಡಪ್ಪ. "ಒಂದು ಕಾಗೆ ಒಳಗೆ ಬಿಟ್ಟಿಲ್ಲ."

"ಬೇರೇದೂ ಒಂದು ನಿಮ್ಮ ಹತ್ರ ಇದೆಯಂತೆ," ಎಂದೆ.

ಅವರು ಷರ್ಟಿನ ಗುಂಡಿ ಬಿಚ್ಚಿ ತೋರಿಸಿದರು. ಒಳಗೆ ಮಾಲ್ದೀವ್ಸ್‌ನ ಕಿತ್ತಳೆ ಅಂಗಿ, ಹೊಟ್ಟೆಯ ಮೇಲೆ ಎಳೆದುಕೊಂಡು, ತಂಡದ ಲಾಂಛನದ ಮೀನು ತಿಮಿಂಗಿಲವಾಗಿತ್ತು. "ಇದನ್ನ ಕೊಡಲ್ಲ. ಇದು ಹಾಕ್ಕೊಂಡು ನಾನು ದನದ ಹಿಂದೆ ಓಡಿದಷ್ಟು ನೀನು ಚೆಂಡಿನ ಹಿಂದೆ ಓಡಿಲ್ಲ. ಯಾರದ್ದು ಅಂಗಿ, ಹೇಳು ನೋಡೋಣ."

ಮಾವ ನಕ್ಕ. ನಗು ಬೇಗ ಮುಗಿಯಿತು. ದೊಡ್ಡಪ್ಪ ಅವನ ಮುಖ ನೋಡಿ, ಒಳಗೆ ಹೋಗಿ, ಅಂಗಿ ಕಳಚಿ ಮಡಚಿ ತಂದುಕೊಟ್ಟರು. ಪಪ್ಪಾಯಿ ಗಿಡದ್ದನ್ನೂ ಬಿಚ್ಚಿಕೊಟ್ಟರು. "ಕುನ್ನತ್ತೂರಲ್ಲಿ ಕೇಳಿದ್ರೆ ಪಪ್ಪಾಯಿದು ಅಂತ ಹೇಳಬೇಡ," ಎಂದರು.

ಐದನೆಯದು ನಮ್ಮ ಮನೆಯಲ್ಲೇ ಇತ್ತು. ಅಜ್ಜಿ ಕೂರುವ ದಿಂಬು. ಕೋಲ್ಕತ್ತದ ಅಂಗಿಯ ಕತ್ತು, ತೋಳು ಹೊಲಿದು ಒಳಗೆ ಹತ್ತಿ ತುಂಬಿದ್ದಳು. ಬಿಚ್ಚಲು ಬಿಡಲಿಲ್ಲ. "ಹಾಗೇ ಒಯ್ದು ತೋರಿಸಿ ತನ್ನಿ," ಎಂದಳು. ಉಳಿದ ನಾಲ್ಕರ ಬಗ್ಗೆ ಕೇಳಿದರೆ ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಅಂದು ಸಂಜೆ ನಾನು ಒಂದು ಹಾಳೆಯಲ್ಲಿ ಮಾವನ ವೃತ್ತಿಯ ಪಟ್ಟಿ ಮಾಡಿದೆ. ವರ್ಷ, ಊರು, ಕ್ಲಬ್ಬು, ಅಂಗಿಯ ನಂಬರು. ಐದನೆಯ ಅಂಕಣಕ್ಕೆ "ಆಡಿದ ಪಂದ್ಯಗಳು" ಎಂದು ಬರೆದು ತಲೆಯೆತ್ತಿದಾಗ ಮಾವ ನೀರು ಕುಡಿಯಲು ಎದ್ದುಹೋಗಿದ್ದ. ತುಂಬ ಹೊತ್ತು ನೀರು ಕುಡಿದ. ನಾನು ಆ ಅಂಕಣವನ್ನು ಅಳಿಸಿ, ಉಳಿದ ನಾಲ್ಕನ್ನು ಅಗಲ ಮಾಡಿದೆ. ಈ ವಿಷಯ ನಾವಿಬ್ಬರೂ ಮಾತಾಡಿಲ್ಲ. ನಮ್ಮ ಮನೆಮಾತು ಕನ್ನಡವಾದರೂ ಶಾಲೆಯಲ್ಲಿ ಕಲಿತದ್ದು ತಮಿಳು; ಕನ್ನಡ ಲಿಪಿ ಓದಲು ಬರುವುದು ಮನೆಯಲ್ಲಿ ನನಗೊಬ್ಬಳಿಗೇ ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಸೋಮವಾರ ರಜೆ ಹಾಕಿ ಅವನ ಜೊತೆ ಹೋದೆ. ಅವಿನಾಶಿಯಲ್ಲಿ ಬಸ್ಸು ಬದಲಿಸಿದೆವು. ದಿಂಬಿಗೆ ಚೀಲದಲ್ಲಿ ಜಾಗವಿರಲಿಲ್ಲ. ಮಾವ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಪಕ್ಕದವರು ಆಸ್ಪತ್ರೆಗೋ ಎಂದು ಕೇಳಿದರು.

ಶಾಲೆಯ ಕರೆಸ್ಪಾಂಡೆಂಟ್ ಎಂದರೆ ಅದರ ಮಾಲೀಕರೇ. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ನಡೆಸುವವರು. ಮಾತೆಲ್ಲ ತಮಿಳಿನಲ್ಲಿ ನಡೆಯಿತು. ಮಾವ ಅಂಗಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದ, ಕೊನೆಗೆ ದಿಂಬನ್ನಿಟ್ಟ. ಅವರು ಹೆಸರನ್ನಾಗಲಿ ನಂಬರನ್ನಾಗಲಿ ನೋಡಲಿಲ್ಲ. ಗುಲಾಬಿ ಅಂಗಿಯನ್ನು ಒಳಮಗ್ಗುಲು ತಿರುಗಿಸಿ ಹೊಲಿಗೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. ಬೆರಳ ನಡುವೆ ಉಜ್ಜಿದರು.

"ಡಾಟ್ ನಿಟ್ ಬಟ್ಟೆ. ಚದರ ಮೀಟರಿಗೆ ನೂರ ನಲವತ್ತು ಗ್ರಾಂ. ಇದು ನಮ್ಮ ಪಕ್ಕದ ಯೂನಿಟ್ಟಿನ ಹೊಲಿಗೆ." ಹಳದಿಯದನ್ನು ಎತ್ತಿದರು. "ಇದು ನಮ್ಮ ಭಾವ, ನಮ್ಮ ಮಚ್ಚಾನ್ ಮಾಡಿದ್ದು. ಕಾಲರ್ ಯಾವಾಗಲೂ ಹೀಗೇ ಸೊಟ್ಟ." ದಿಂಬನ್ನು ಒಮ್ಮೆ ಅಮುಕಿದರು. "ಹತ್ತಿ ಚೆನ್ನಾಗಿದೆ."

"ಪುರಾವೆ ಸಾರ್," ಎಂದ ಮಾವ.

"ಯಾವುದಕ್ಕೆ? ತಂಬಿ, ನೀವು ಎಲ್ಲಿ ಬಂದಿದ್ದೀರಿ ಗೊತ್ತೇ? ನಮ್ಮೂರಲ್ಲಿ ಇಸ್ತ್ರಿಯವನು ಬ್ರೆಜಿಲ್, ಟೀ ಮಾಸ್ಟರ್ ಅರ್ಜೆಂಟೀನಾ. ನಮ್ಮ ವಾಚ್‌ಮನ್ ನಿನ್ನೆವರೆಗೆ ಜರ್ಮನಿ, ಇವತ್ತು ಒಗೆಯೋಕೆ ಹಾಕಿದ್ದಾನೆ. ಹೆಸರು ಬೇಕಾದರೆ ಹತ್ತು ನಿಮಿಷದಲ್ಲಿ ಅಚ್ಚು ಹಾಕಿಸಿಕೊಡ್ತೀನಿ. ನಿಮ್ಮ ತಂಗಚ್ಚಿಗೂ ಒಂದು ಹಾಕಿಸಲಾ?" ನನ್ನನ್ನು ಅವನ ತಂಗಿ ಎಂದುಕೊಂಡಿದ್ದರು.

ಇದು ನನಗೆ ಹೊಳೆಯಬೇಕಿತ್ತು. ತಿರುಪ್ಪೂರು ಜಿಲ್ಲೆಗೆ ಬನಿಯನ್ ಬಟ್ಟೆಯನ್ನು ಪುರಾವೆಯಾಗಿ ತಂದಿದ್ದೆ, ಅದೂ ಬಣ್ಣದ ಕ್ರಮದಲ್ಲಿ ಜೋಡಿಸಿ. ನಾನು ನನ್ನ ಹಾಳೆಯನ್ನು ಅವರ ಮುಂದೆ ಸರಿಸಿದೆ. ಅವರು ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಓದಿ, ನಾನು ಅಳಿಸಿದ ಅಂಕಣವನ್ನೇ ಕೇಳಿದರು.

"ಒಟ್ಟು ಎಷ್ಟು ಪಂದ್ಯ ಆಡಿದ್ದೀರಿ?"

ನಾನು ಕಿಟಕಿಯ ಕಡೆ ನೋಡಿದೆ. ಅಲ್ಲಿ ಮೈದಾನ, ಅದರಾಚೆ ಜೋಳದ ಹೊಲ. ಮೈದಾನದಲ್ಲಿ ಸಾಕಷ್ಟು ಹುಲ್ಲಿತ್ತು.

"ನಾಲ್ಕು ಸಾರ್," ಎಂದ ಮಾವ. "ಇನ್ನೊಂದರಲ್ಲಿ ಇಪ್ಪತ್ತು ನಿಮಿಷ."

"ಹದಿನಾಲ್ಕು ವರ್ಷದಲ್ಲಾ?"

"ಹೌದು."

"ಮತ್ತೆ ಉಳಿದ ಹೊತ್ತು ಏನು ಮಾಡ್ತಿದ್ದಿರಿ?"

"ಕೂತಿದ್ದೆ ಸಾರ್."

ಕರೆಸ್ಪಾಂಡೆಂಟ್ ಕುರ್ಚಿಗೆ ಒರಗಿದರು. ಮುಗಿಯಿತು ಎಂದುಕೊಂಡು ನಾನು ಚೀಲ ತೆರೆದೆ. ಆದರೆ ಅವರು ಕೇಳಿದ ಮುಂದಿನ ಪ್ರಶ್ನೆ ವಿಚಿತ್ರವಾಗಿತ್ತು. "ಜಗಳ ಆಡದೆ?"

ಆಮೇಲೆ ತಿಳಿಯಿತು, ಅವರ ಕಷ್ಟ ಬೇರೆ. ಶಾಲೆಯಲ್ಲಿ ಫುಟ್‌ಬಾಲಿಗೆ ಹೆಸರು ಕೊಟ್ಟವರು ನಲವತ್ತಮೂರು ಮಕ್ಕಳು. ಆಡುವವರು ಹನ್ನೊಂದು. ಉಳಿದ ಮೂವತ್ತೆರಡು ಮಕ್ಕಳು ಜೋಳದ ಹೊಲಕ್ಕೆ ನುಗ್ಗುತ್ತಿದ್ದರು, ಅವರ ಅಪ್ಪಂದಿರು ನಮ್ಮ ಮಗುವನ್ನು ಏಕೆ ಇಳಿಸಲಿಲ್ಲ ಎಂದು ಇವರು ಊಟಕ್ಕೆ ಕೂತ ಹೊತ್ತಿಗೇ ಸರಿಯಾಗಿ ಫೋನ್ ಮಾಡುತ್ತಿದ್ದರು.

"ಕೂರೋದಕ್ಕೂ ರೀತಿ ಇದೆ ಸಾರ್," ಎಂದ ಮಾವ. ಅವನ ದನಿ ಬದಲಾಗಿತ್ತು; ಈಗ ಅವನು ತನಗೆ ಗೊತ್ತಿದ್ದದ್ದನ್ನು ಹೇಳುತ್ತಿದ್ದ. "ಕಾಲ ಮೇಲೆ ಕಾಲು ಹಾಕಬಾರದು, ಜೋಮು ಹಿಡಿಯುತ್ತೆ. ನೀರು ಗುಟುಕು ಗುಟುಕಾಗಿ ಕುಡೀಬೇಕು. ಅರುವತ್ತನೇ ನಿಮಿಷಕ್ಕೆ ಗ್ಲೌಸ್ ಹಾಕ್ಕೋಬೇಕು, ಯಾರೂ ಹೇಳದಿದ್ರೂ. ಒಳಗೆ ಆಡ್ತಿರೋನು ಬಿದ್ದರೆ ಖುಷಿ ಆಗುತ್ತೆ ಸಾರ್. ಎಲ್ಲರಿಗೂ ಆಗುತ್ತೆ, ನನಗೂ ಆಗ್ತಿತ್ತು. ಅದು ಮುಖದ ಮೇಲೆ ಬರಬಾರದು. ಆಗ ಬಗ್ಗಿ ಶೂ ಲೇಸು ಕಟ್ಟಬೇಕು. ಕಟ್ಟಿ ತಲೆ ಎತ್ತೋ ಹೊತ್ತಿಗೆ ಅವನು ಎದ್ದಿರ್ತಾನೆ."

ಕರೆಸ್ಪಾಂಡೆಂಟ್ ಗುಲಾಬಿ ಅಂಗಿಯನ್ನು ಸರಿಯಾಗಿ ತಿರುಗಿಸಿ ಮಡಚಿದರು, ಬನಿಯನ್ ಕಂಪನಿಯವರು ಮಡಚುವ ಹಾಗೆ, ನಾಲ್ಕು ಚಲನೆಯಲ್ಲಿ.

"ಆಡೋರನ್ನ ನೋಡಿಕೊಳ್ಳೋಕೆ ಪಿ.ಟಿ. ಮಾಸ್ಟರ್ ಇದ್ದಾರೆ. ಆ ಮೂವತ್ತೆರಡು ನಿಮ್ಮದು. ನಾಳೆ ಎಂಟಕ್ಕೆ ಬನ್ನಿ."

ವಾಪಸು ಬರುವಾಗ ಬಸ್ಸು ಖಾಲಿ ಇತ್ತು. ಮಾವ ದಿಂಬಿನ ಮೇಲೆ ಕೂತು ಅವಿನಾಶಿಯವರೆಗೂ ನಿದ್ದೆ ಮಾಡಿದ.

ಮರುದಿನ ಬೆಳಿಗ್ಗೆ ಅವನನ್ನು ಎಬ್ಬಿಸಬೇಕೆಂದು ನಾನು ಐದಕ್ಕೆ ಎದ್ದೆ. ಅವನು ಆಗಲೇ ಸ್ನಾನ ಮಾಡಿ, ಶೂ ಕಟ್ಟಿ, ಜಗಲಿಯಲ್ಲಿ ಕೈಗಳನ್ನು ಮಂಡಿಯ ಮೇಲಿಟ್ಟು ಕೂತಿದ್ದ. ಅವನನ್ನು ಬಸ್ಸು ಹತ್ತಿಸಿದೆ. ಕಂಡಕ್ಟರಿಗೆ ಅವಿನಾಶಿಯಲ್ಲಿ ಇಳಿಸಿ ಕುನ್ನತ್ತೂರು ಬಸ್ಸು ತೋರಿಸಬೇಕೆಂದು ಹೇಳಿದೆ. ಹದಿನಾಲ್ಕು ವರ್ಷ ದೇಶ ಸುತ್ತಿದವನಿಗೆ ಅದರ ಅಗತ್ಯವಿರಲಿಲ್ಲ. ರಸ್ತೆ ದಾಟಿ ನನ್ನ ಬಸ್ಸಿಗೆ ನಿಂತು ಫೌಂಡ್ರಿಗೆ ಫೋನ್ ಮಾಡಿದೆ. ಅಪರಿಚಿತರಿಗೆ ಫೋನ್ ಮಾಡುವುದು ನನಗೆ ಇಷ್ಟವಿಲ್ಲ. ಹೇಳಬೇಕಾದ ಎರಡು ವಾಕ್ಯಗಳನ್ನು ಮೊದಲೇ ಬರೆದುಕೊಂಡಿದ್ದೆ. ಮಾವ ಬರುವುದಿಲ್ಲ, ಬೇರೆ ಕೆಲಸ ಸಿಕ್ಕಿದೆ ಎಂದೆ. ಏನು ಕೆಲಸ ಎಂದು ಕೇಳಿದರು. ಅದಕ್ಕೆ ಉತ್ತರ ಬರೆದುಕೊಂಡಿರಲಿಲ್ಲ. ಮೇಷ್ಟರ ಕೆಲಸ ಎಂದು ಹೇಳಿ ಫೋನ್ ಇಟ್ಟು, ಕೊಯಮತ್ತೂರಿನ ಬಸ್ಸು ಹತ್ತಿದೆ.